ಒಂಬತ್ತನೇ ತಿರುವಿನ ಕೊರಳುಗಳು

ಕೆಂಗುಂಡಿ, ಸಂಡೂರು ಸೀಮೆ
ತಂಪುಗಾಲದ ಎಂಬತ್ತೆರಡನೇ ದಿನ, ಇಸವಿ 2231

ಪಂಚರ್ ಅಂಗಡಿ ಯರ್ರಿಸ್ವಾಮಿ ತಾತನವರಿಗೆ, ನಿಮ್ಮ ಎಂಟನೇ ತಲೆಮಾರಿನವಳಾದ ಪಂಪಾವತಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡೇ ಕಾಲ. ಎಂಬತ್ತನಾಲ್ಕು ದಿನ ತಂಪುಗಾಲ, ಉಳಿದದ್ದೆಲ್ಲ ಬಿಸಿಗಾಲ. ಈ ಕಾಗದದಲ್ಲಿ ನಿಮಗೆ ಗುರುತಿಲ್ಲದ ಮಾತುಗಳು ಇನ್ನೂ ಕೆಲವು ಬರುತ್ತವೆ, ಬಂದ ಕಡೆ ಬಿಡಿಸಿ ಹೇಳುತ್ತೇನೆ. ಬರವಣಿಗೆ ಸ್ವಲ್ಪ ಕಚೇರಿ ವಾಸನೆ ಹೊಡೆದರೆ ಕ್ಷಮಿಸಿ, ಒಂಬತ್ತು ವರ್ಷ ಓಟದ ಸಮಿತಿಯಲ್ಲಿ ಸುತ್ತೋಲೆ ಬರೆದ ಕೈ ಇದು. ಕಾಗದ ನಿಮಗೆ ಮುಟ್ಟುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗಿದೆ. ಆದರೆ ನಡೆದದ್ದನ್ನು ಯಾರ ಮುಂದಾದರೂ ಒಪ್ಪಿಸಬೇಕು, ಬದುಕಿರುವವರಲ್ಲಿ ಯಾರಿಗೂ ಸದ್ಯಕ್ಕೆ ನನ್ನ ಮಾತು ಕೇಳುವ ಮನಸ್ಸಿಲ್ಲ.

ನಿಮ್ಮ ನೋಟ್‌ಬುಕ್ ನಮ್ಮ ಮನೆಯಲ್ಲಿ ಉಳಿದುಕೊಂಡಿದೆ. ಅದಿರು ಲಾರಿಗಳ ರಸ್ತೆಯ ಪಕ್ಕ ನಿಮ್ಮ ಅಂಗಡಿ ಇದ್ದದ್ದು, ಕಾರಿನ ಓಟವಿದ್ದ ಭಾನುವಾರ ಶಟರನ್ನು ಅರ್ಧಕ್ಕೆ ಎಳೆದು ಟಿವಿ ಮುಂದೆ ಕೂರುತ್ತಿದ್ದದ್ದು, ಅದಕ್ಕೆ ಅಜ್ಜಿ ಬೈಯುತ್ತಿದ್ದದ್ದು ಎಲ್ಲ ಅದರಲ್ಲಿದೆ. ವರ್ಷದ ವೇಳಾಪಟ್ಟಿ ಹೊರಬಿದ್ದ ಕೂಡಲೇ ದೇಶದೇಶದ ಗಂಟೆಗಳನ್ನು ನಮ್ಮ ಗಂಟೆಗೆ ತಿರುಗಿಸಿ ಬರೆದುಕೊಂಡಿದ್ದೀರಿ. ಒಂದೊಂದು ಟ್ರ್ಯಾಕನ್ನೂ ಪೆನ್ಸಿಲಿನಲ್ಲಿ ಗೀಚಿ ಕೆಳಗೆ ತೀರ್ಪು ಕೊಟ್ಟಿದ್ದೀರಿ. ಕಡಲತೀರದ ಯಾವುದೋ ಊರಿನ ಬೀದಿ ಟ್ರ್ಯಾಕಿಗೆ “ನೋಡಾಕ ಮದುವಿ ಮನಿ, ಓಡಸಾಕ ಸಂತಿ” ಎಂದು, ಮರುಭೂಮಿಯ ಹೊಸ ಟ್ರ್ಯಾಕೊಂದಕ್ಕೆ “ಜನ ಎಲ್ಲಿ?” ಎಂದಷ್ಟೇ. ಪ್ರತಿ ವರ್ಷದ ಪಟ್ಟಿಯ ಕೊನೆಗೆ ಮಾತ್ರ ಒಂದೇ ಸಾಲು: “ನಮ್ಮ ಕಡಿ ಈ ಸಲಾನೂ ಇಲ್ಲ.” ಹದಿನಾಲ್ಕು ವರ್ಷ, ಹದಿನಾಲ್ಕು ಸಲ. ಮೊದಲು ಓದಿದಾಗ ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ.

ಬಂತು ತಾತ, ನಮ್ಮ ಕಡೆಗೂ ಬಂತು. ಚಕ್ರಕ್ಕೆ ಮುಚ್ಚಿಗೆಯಿಲ್ಲದ, ಒಬ್ಬರೇ ಕೂರುವ ಆ ಕಾರುಗಳನ್ನು ನಾವು ತೆರೆಗಾಲಿ ಎನ್ನುತ್ತೇವೆ. ನೀವು ಪಂಚರ್ ಹಾಕುತ್ತಿದ್ದ ಲಾರಿಗಳು ಯಾವ ಗಣಿಯಿಂದ ಅದಿರು ಹೊತ್ತು ತರುತ್ತಿದ್ದವೋ ಆ ಗಣಿಯ ಗುಂಡಿಯಲ್ಲೇ ತೆರೆಗಾಲಿ ಓಡಲು ಶುರುವಾಗಿ ತೊಂಬತ್ತೊಂದು ವರ್ಷವಾಯಿತು. ಓಟಕ್ಕೆಂದು ಒಳ್ಳೆಯ ನೆಲವನ್ನು ಮುಟ್ಟಬಾರದೆಂಬ ಕಟ್ಟುನಿಟ್ಟು ನಮ್ಮಲ್ಲಿದೆ. ಮನುಷ್ಯರು ಮೊದಲೇ ಕೆಡಿಸಿಟ್ಟ ಜಾಗವಾದರೆ ಮಾತ್ರ ಟ್ರ್ಯಾಕು. ಹಾಗಾಗಿ ಒಂದು ಟ್ರ್ಯಾಕು ಹಳೆಯ ವಿಮಾನ ನಿಲ್ದಾಣದಲ್ಲಿದೆ, ಒಂದು ಕೋಲಾರದ ಗಣಿಮಣ್ಣಿನ ದಿಬ್ಬಗಳ ನಡುವೆ, ಒಂದು ಕಾರವಾರದ ಕಡಲಗೋಡೆಯ ಮೇಲೆ. ಒಟ್ಟು ಹನ್ನೆರಡು. ಅವುಗಳಲ್ಲಿ ಕೆಂಗುಂಡಿ ಅತಿ ಕಷ್ಟದ್ದು. ಗಣಿಯವರು ಕಡಿದು ಬಿಟ್ಟುಹೋದ ಮೆಟ್ಟಿಲುಗಳನ್ನೇ ಸುತ್ತುತ್ತ ರಸ್ತೆ ತಳದವರೆಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹದಿಮೂರು ತಿರುವು. ಮೂರನೇ ಸುತ್ತಿಗೆಲ್ಲ ಕೆಂಧೂಳು ಎದ್ದು, ಕಾರಿನ ಮೂತಿಯೂ ಓಡಿಸುವವರಿಗೆ ಕಾಣುವುದಿಲ್ಲ.

ಹಾಗಿದ್ದರೆ ತಿರುಗುವುದು ಹೇಗೆಂದು ಕೇಳುತ್ತೀರಿ. ಕಿವಿಯಿಂದ. ನಿಮ್ಮ ಕಾಲದಲ್ಲಿ ಕಾರುಗಳೇ ಕಿರುಚುತ್ತಿದ್ದವಂತೆ. ನಮ್ಮ ತೆರೆಗಾಲಿಗೆ ಸದ್ದಿಲ್ಲ, ಸದ್ದು ಮಾಡುವುದು ಜನ. ನಮ್ಮ ಅಭಿಮಾನಿಗಳು ಓಟಗಾರರ ಕಡೆಯವರೂ ಅಲ್ಲ, ತಂಡಗಳ ಕಡೆಯವರೂ ಅಲ್ಲ, ತಿರುವುಗಳ ಕಡೆಯವರು. ಪ್ರತಿಯೊಬ್ಬರಿಗೂ ಹುಟ್ಟಿದ ಮನೆಯಿಂದಲೇ ತಿರುವು ಬರುತ್ತದೆ, ಮದುವೆಯಾದರೂ ಬದಲಾಗುವುದಿಲ್ಲ. ಓಟದ ದಿನ ಒಂದೊಂದು ತಿರುವಿನವರೂ ತಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕುಳಿತು, ತಮ್ಮದೇ ಒಂದು ಶ್ರುತಿಯಲ್ಲಿ ಬಾಯಿ ತೆರೆದು ಗುಂಯ್‌ಗುಡುತ್ತಾರೆ. ಇದಕ್ಕೆ ಕೊರಳು ಹಿಡಿಯುವುದು ಎನ್ನುತ್ತಾರೆ. ಧೂಳಿನೊಳಗಿರುವ ಓಟಗಾರರು ಅದನ್ನು ಕೇಳಿ, ಇದು ಐದನೆಯದು, ಇದು ಆರನೆಯದು ಎಂದು ಬ್ರೇಕು ಒತ್ತುತ್ತಾರೆ. ಕೊರಳಿನ ಬದಲು ಯಂತ್ರ ಇಟ್ಟು ನೋಡಿದ್ದೂ ಉಂಟು. ಎರಡೇ ಓಟಕ್ಕೆ ಓಟಗಾರರು ಅದನ್ನು ತೆಗೆಸಿದರು. ಕಾರು ಅಂಚಿಗೆ ಸರಿಯುತ್ತಿರುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮೆಟ್ಟಿಲ ಮೇಲೆ ಕುಳಿತವರಿಗೆ ಧೂಳಿನ ಅಲುಗಾಟದಿಂದಲೇ ಗೊತ್ತಾಗುತ್ತದೆ, ಕೊರಳು ತಾನಾಗಿ ಏರುತ್ತದೆ. ಅದನ್ನು ಕೇಳಿ ಒಳಗಿರುವವರು ಬದುಕಿಕೊಳ್ಳುತ್ತಾರೆ.

ತಿರುವಿಗೆ ಕನಿಷ್ಠ ನಲವತ್ತು ಕೊರಳು ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ತಳದಲ್ಲಿರುವ ಕಾರಿಗೆ ಕೇಳಿಸುವುದಿಲ್ಲ. ಒಂದು ತಿರುವಿನಲ್ಲಿ ಕಡಿಮೆ ಬಿದ್ದರೂ ಅಂದಿನ ಓಟ ರದ್ದು, ಮುಂದಿನ ಮೂರು ವರ್ಷ ಆ ಟ್ರ್ಯಾಕು ಪಟ್ಟಿಯಿಂದ ಹೊರಗೆ. ಆಮೇಲೆ ಒಂದು ಮರುಪರೀಕ್ಷೆಗೆ ಅವಕಾಶ. ಅದರಲ್ಲೂ ಕೊರಳು ಸಾಲದಿದ್ದರೆ ಆ ನೆಲವನ್ನು ಮುಚ್ಚಿ ಗಿಡ ನೆಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಜೀವದ ವಿಷಯ.

ನಾನು ಒಂಬತ್ತನೇ ತಿರುವಿನವಳು. ಬಾಣಲೆಯಂತೆ ತಗ್ಗಾಗಿರುವುದರಿಂದ ಅದನ್ನು ಬಾಂಡ್ಲಿ ಎನ್ನುತ್ತಾರೆ. ನನ್ನವ್ವ ಹುಲಿಗೆಮ್ಮ ಅಲ್ಲಿನ ಯಜಮಾನಿ. ಹೊಸಬರಿಗೆ ಶ್ರುತಿ ಕಲಿಸುವುದು, ಓಟದ ದಿನ ಮೊದಲ ಕೊರಳು ಎತ್ತುವುದು ಅವಳ ಕೆಲಸ. ನಾನು ಐದು ವರ್ಷದವಳಿದ್ದಾಗ ಅವಳ ತೊಡೆಯ ಮೇಲೆ ಕುಳಿತು ಕಲಿತೆ. ಓದಿ ದೊಡ್ಡವಳಾಗಿ ಓಟದ ಸಮಿತಿಗೆ ವೇಳಾಪಟ್ಟಿ ಕಾರ್ಯದರ್ಶಿಯಾಗಿ ಹೋದೆ. ಯಾವ ಟ್ರ್ಯಾಕಿಗೆ ಯಾವ ವಾರ ಎಂದು ಬರೆಯುವುದು ನನ್ನ ಪಾಲಿಗೆ ಬಂತು. ಅಲ್ಲಿಂದ ಶುರುವಾಯಿತು ನನ್ನ ದೊಡ್ಡಸ್ತಿಕೆ.

ತಂಪುಗಾಲದ ನಡುವಿನ ವಾರಗಳು ಹಿತವಾಗಿರುತ್ತವೆ, ಎಲ್ಲರಿಗೂ ಅವೇ ಬೇಕು. ಕೊನೆಯ ವಾರ ಬಿಸಿಗಾಲದ ಬಾಗಿಲು. ಬೆಳಗ್ಗೆ ಏಳಕ್ಕೆಲ್ಲ ಮೆಟ್ಟಿಲ ಕಲ್ಲು ಕಾದು ಕೂರಲಾಗುವುದಿಲ್ಲ. ಆ ವಾರವನ್ನು ಯಾರಾದರೂ ತೆಗೆದುಕೊಳ್ಳಲೇಬೇಕು. ವರ್ಷಕ್ಕೊಂದು ಟ್ರ್ಯಾಕಿಗೆ ಸರದಿಯಂತೆ ಕೊಡಬಹುದಿತ್ತು. ನನಗಿಂತ ಹಿಂದಿನವರು ಹಾಗೇ ಮಾಡುತ್ತಿದ್ದರು. ನಾನು ಮೊದಲ ವರ್ಷವೇ ಅದನ್ನು ಕೆಂಗುಂಡಿಗೆ ಕೊಟ್ಟೆ. ತನ್ನೂರಿಗೆ ಒಳ್ಳೆಯ ವಾರ ಎತ್ತಿಟ್ಟುಕೊಂಡಳು ಎಂದು ಯಾರೂ ಅನ್ನಬಾರದಲ್ಲ! ಸಮಿತಿ ಮೇಜು ತಟ್ಟಿ ಮೆಚ್ಚಿತು. ಎರಡನೇ ವರ್ಷವೂ ಕೊಟ್ಟೆ. ಆಮೇಲೆ ಅದು ರೂಢಿಯೇ ಆಯಿತು, ಒಂಬತ್ತು ವರ್ಷವೂ ಕೊನೆಯ ವಾರ ಕೆಂಗುಂಡಿಗೆ. ಅಷ್ಟು ಸಾಲದೆಂದು, ಸಮಿತಿಯವರು ಯಾವ ತಿರುವಿನಲ್ಲೂ ಕೊರಳು ಹಿಡಿಯಕೂಡದು ಎಂಬ ನಿಯಮವನ್ನೂ ನಾನೇ ಬರೆದು ಪಾಸು ಮಾಡಿಸಿದೆ. ಊರಿಗೆ ಹೋದಾಗ ಅವ್ವ ಒಮ್ಮೆ ಕೇಳಿದಳು: “ಎಲ್ಲಾರಿಗೂ ನ್ಯಾಯ ಮಾಡ್ತೀ ಅಂತ ಹೇಳ್ತಾರ. ಆ ನ್ಯಾಯ ವರ್ಷಾ ನಮ್ಮ ತಲಿ ಮ್ಯಾಲೇ ಯಾಕ ಕುಂದರ್ತತಿ?” ನಿನಗೆ ಸಮಿತಿಯ ಕಷ್ಟ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ. ಹಾಗೆ ಹೇಳುವಾಗ ನನ್ನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಜನ ಮೆಟ್ಟಿಲಿಗೆ ಬರುವುದನ್ನು ಒಂದೇ ಸಲಕ್ಕೆ ಬಿಡಲಿಲ್ಲ. ಮೊದಲು ಬಸುರಿಯರು, ಆಮೇಲೆ ವಯಸ್ಸಾದವರು, ಆಮೇಲೆ ಕೂಸುಗಳನ್ನು ಕಟ್ಟಿಕೊಂಡು ಬರುವವರು. ಬಾಂಡ್ಲಿ ತಗ್ಗಿನಲ್ಲಿರುವುದರಿಂದ ಗಾಳಿಯಾಡುವುದಿಲ್ಲ, ಅಲ್ಲಿಯೇ ಎಲ್ಲರಿಗಿಂತ ಬೇಗ ಕರಗಿತು. ನೂರಿಪ್ಪತ್ತು ಇದ್ದದ್ದು ತೊಂಬತ್ತಾಯಿತು, ಅರವತ್ತಾಯಿತು, ಹೋದ ವರ್ಷ ನಲವತ್ತಮೂರು. ಈ ಎಲ್ಲ ಅಂಕಿ ನನ್ನ ಮೇಜಿನ ಮೇಲೇ ಹಾದುಹೋಯಿತು. ಪಟ್ಟಿಯಲ್ಲಿ ಅದರ ಎದುರು ‘ಗಮನಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ್ದೇನೆ.

ಮೊನ್ನೆ ಓಟ. ಬೆಳಕು ಹರಿಯುವ ಹೊತ್ತಿಗೆ ಹದಿನೆಂಟು ಕಾರು ಸಾಲಾಗಿ ನಿಂತಿದ್ದವು. ಸಮಿತಿಯ ಚಪ್ಪರವನ್ನು ಈ ಸಲ ಒಂಬತ್ತನೇ ತಿರುವಿನ ಮೇಲೆಯೇ ಹಾಕಿದ್ದರು, ನಾನು ಕುಳಿತ ಜಾಗದಿಂದ ಅವ್ವನಿಗೆ ಇಪ್ಪತ್ತು ಹೆಜ್ಜೆ. ಎಣಿಸುವವರು ಬಂದು ಸಾಲಿನಲ್ಲಿ ಒಬ್ಬೊಬ್ಬರ ಹೆಗಲು ಮುಟ್ಟುತ್ತ ಹೋದರು. ಮೂವತ್ತೊಂಬತ್ತು. ಮತ್ತೆ ಮುಟ್ಟಿದರು. ಮೂವತ್ತೊಂಬತ್ತೇ. ಕಾಲು ಗಂಟೆ ಕಾಯುವ ಪದ್ಧತಿಯಿದೆ, ಕಾದರು. ರಸ್ತೆಯ ಕಡೆ ಕೂಗಿ ನೋಡಿದರು, ಯಾರೂ ಬರಲಿಲ್ಲ. ಆಗ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕತ್ತೆತ್ತಿ ಚಪ್ಪರದ ಕಡೆ ನೋಡಿದರು. ನನಗೆ ಆ ಶ್ರುತಿ ಬರುತ್ತದೆಂದು ಅವರಲ್ಲಿ ಗೊತ್ತಿಲ್ಲದವರು ಯಾರು? ಕೊನೆಗೆ ಅವ್ವನೂ ನೋಡಿದಳು. ಕರೆಯಲಿಲ್ಲ, ಕೈ ಮಾಡಲಿಲ್ಲ. ನಾನೇ ಬರೆದ ನಿಯಮ ತೊಡೆಯ ಮೇಲಿನ ಕಡತದಲ್ಲಿತ್ತು. ಎದ್ದು ಹೋಗಿ ಕುಳಿತಿದ್ದರೆ ಕೆಲಸ ಹೋಗುತ್ತಿತ್ತು, ಓಟ ನಡೆಯುತ್ತಿತ್ತು. ನಾನು ಗಡಿಯಾರ ನೋಡಿದೆ. ಕಾಲು ಗಂಟೆ ಮುಗಿಯಿತು. ಕಾರುಗಳನ್ನು ತಳ್ಳಿಕೊಂಡು ಹಿಂದಕ್ಕೆ ಒಯ್ದರು.

ಮಧ್ಯಾಹ್ನ ಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಿಲ್ಲಿಸಲಿಲ್ಲ. ನಿಯಮವನ್ನು ಬಿಡಿಸಿ ಹೇಳಲು ಹೊರಟೆ. “ನಿಯಮ ನನಗೂ ಗೊತ್ತೈತಿ” ಎಂದಳು. “ನೀ ಬಾಯಿ ತಗದಿದ್ರ ನಿನ್ನ ಕೆಲಸ ಹೋಗತಿತ್ತು. ತಗೀಲಿಲ್ಲ, ನಮ್ಮ ತಿರುವು ಹೋತು. ಕೆಲಸ ಇನ್ನೊಂದು ಸಿಗತಿತ್ತವ್ವ.” ನನಗೆ ಮೊದಲು ಸಿಟ್ಟು ಬಂತು. ಬಾಗಿಲು ದಾಟಿ ಬಂದ ಮೇಲೆ, ಸಿಟ್ಟು ಮಾಡಲು ನನ್ನ ಬಳಿ ಕಾರಣವೇ ಇಲ್ಲವೆಂದು ಹೊಳೆಯಿತು. ಆಗ ಬಂದ ನಾಚಿಕೆ ಇನ್ನೂ ಹೋಗಿಲ್ಲ.

ನಿನ್ನೆ ಮುಂದಿನ ವರ್ಷದ ವೇಳಾಪಟ್ಟಿ ಕಳಿಸಿದೆ. ಹನ್ನೊಂದು ಟ್ರ್ಯಾಕು. ಕೊನೆಯ ವಾರಕ್ಕೆ ಸರದಿಯ ಪದ್ಧತಿ ಮತ್ತೆ ಬರಲಿ ಎಂದು ಶಿಫಾರಸು ಬರೆದೆ. ಅದರ ಕೆಳಗೇ ರಾಜೀನಾಮೆ. ಒಬ್ಬ ಸದಸ್ಯರು ಕರೆದು, ನಿಮ್ಮಷ್ಟು ನಿಷ್ಪಕ್ಷಪಾತಿ ನಮಗೆ ಸಿಗುವುದಿಲ್ಲ ಎಂದರು. ನಿಮ್ಮ ಕಾಲದಲ್ಲಿಯೂ ಯಾರಾದರೂ ಇಂಥ ಪಟ್ಟಿ ಬರೆಯುತ್ತಿರುತ್ತಾರೆ ತಾತ, ಓಟದ್ದಿರಲಿ, ನೀರು ಬಿಡುವುದಿರಲಿ, ರಜೆ ಕೊಡುವುದಿರಲಿ. ಅಂಥವರು ನಿಮ್ಮ ಅಂಗಡಿಗೆ ಬಂದು ಕೂತರೆ ನನ್ನ ಪರವಾಗಿ ಒಂದು ಮಾತು ಹೇಳಿ. ತಮ್ಮವರಿಗೆ ಹೆಚ್ಚು ಕೊಡುವುದು ತಪ್ಪು, ಸರಿ. ಹಾಗೆಂದು ತಾವು ದೊಡ್ಡವರೆಂದು ತೋರಿಸಿಕೊಳ್ಳಲು ತಮ್ಮವರಿಗೆ ಬರಬೇಕಾದದ್ದನ್ನೂ ಕಿತ್ತುಕೊಂಡರೆ, ಅದರ ಬಿಸಿ ತಟ್ಟುವುದು ಅವರಿಗೆ, ಹೊಗಳಿಕೆ ಮಾತ್ರ ನಮಗೆ.

ಇವತ್ತು ಬೆಳಗ್ಗೆ ಬಾಂಡ್ಲಿಗೆ ಹೋಗಿದ್ದೆ. ಪಟ್ಟಿಯಲ್ಲಿ ಕೆಂಗುಂಡಿಯ ಹೆಸರಿಲ್ಲದಿದ್ದರೂ ಅವ್ವ ಮೆಟ್ಟಿಲು ಗುಡಿಸಿ, ಬಂದಷ್ಟು ಜನರನ್ನು ಕೂರಿಸಿಕೊಂಡು ಶ್ರುತಿ ತಿದ್ದುತ್ತಿದ್ದಳು. ನಾನು ಸಾಲಿನ ಕೊನೆಯಲ್ಲಿ, ಸ್ವಲ್ಪ ಅಂತರ ಬಿಟ್ಟು ಕುಳಿತೆ. “ಅಲ್ಲಿ ಕುಂತ್ರ ಯಾರಿಗೆ ಕೇಳಿಸ್ತತಿ? ಈ ಕಡಿ ಬಾ” ಎಂದಳು, ನನ್ನ ಕಡೆ ನೋಡದೆ. ಹೋದೆ. ಬಾಯಿ ತೆರೆದರೆ ಒಂಬತ್ತು ವರ್ಷ ಸುಮ್ಮನಿದ್ದ ಕೊರಳು ಒಡೆಯಿತು. ಪಕ್ಕದವಳು ನಕ್ಕಳು, ನಾನೂ ನಕ್ಕೆ, ನಗುತ್ತಲೇ ಕಣ್ಣು ತುಂಬಿತು.

ಮರುಪರೀಕ್ಷೆಗೆ ಮೂರು ವರ್ಷವಿದೆ. ಅವ್ವನಿಗೆ ಈಗ ಎಪ್ಪತ್ತೆಂಟು. ನಾನು ಸೇರಿದರೆ ನಲವತ್ತು, ಅಷ್ಟರಲ್ಲಿ ಅವಳಿಲ್ಲವಾದರೆ ಮತ್ತೆ ಮೂವತ್ತೊಂಬತ್ತು. ಈ ಲೆಕ್ಕ ಅವಳಿಗೆ ಹೊಳೆದಿಲ್ಲ ಎಂದುಕೊಂಡಿದ್ದೆ. ಬಿಡುವಿನಲ್ಲಿ ನೀರು ಕುಡಿಯುತ್ತ ಅವಳೇ ಅಂದಳು: “ನನ್ನ ನೆಚ್ಚಿಕೊಂಡು ಕುಂದರಬ್ಯಾಡ, ಇನ್ನೊಬ್ಬರನ್ನ ಹುಡಿಕ್ಕೆಂಡು ಬಾ. ಈಗ ಉಸಿರು ಹಿಡಿ. ಕಾರು ಬರಾಕತ್ತೈತಿ ಅಂತ ತಿಳ್ಕ.”

ಕೆಳಗೆ ರಸ್ತೆ ಖಾಲಿ ಇತ್ತು. ಎಲ್ಲರೂ ಕೊರಳು ಹಿಡಿದೆವು.

ಇಂತು ನಿಮ್ಮ,
ಪಂಪಾವತಿ
ಒಂಬತ್ತನೇ ತಿರುವು