ಅಣ್ಣನ ಪದಕ್ಕೆ ಕತ್ರಿ

ಜುಲೈ ೨೬, ಶನಿವಾರ

ಇಲ್ಲವ್ವ, ನಾನು ಅಣ್ಣನ ಮಾನ ಕಳೀಲಿಲ್ಲ. ಮೈಕ್ ಕಸ್ಕೊಂಡಿದ್ದು ಹೌದು. ಮತ್ತೇನ್ ಮಾಡ್ಲಿ?

ಹರಿಹರದಾಗೆ ಸತ್ತ ಯೋಧರ ನೆನಪಿನ ಕವಿಗೋಷ್ಠಿ. ಅಣ್ಣ ಅಂಜನಕುಮಾರ ಗಡಿ ಹಿಮದಾಗೆ ಸಾಯೋಕ್ ಮುಂಚೆ ಕಟ್ಟಿದ್ದ ಪದ ಓದ್ತೀವಿ ಅಂತ ಕರೆದ್ರು. "ಕಾಲು ಮರಗಟ್ಟೈತವ್ವ, ಹೆದ್ರಿಕೆ ಆಗ್ತೈತವ್ವ, ನಿನ್ ರೊಟ್ಟಿ ಬಿಸಿ ಐತೇನವ್ವ" ಅಂತ ಇತ್ತು. ಗೋಷ್ಠಿ ನಡೆಸಿದ ಸಂಘದ ಅಧ್ಯಕ್ಷ ಮಾಲತೇಶಪ್ಪ ಹೆದ್ರಿಕೆನೂ ತೆಗ್ದ, ರೊಟ್ಟಿನೂ ತೆಗ್ದ. "ವೈರಿಯ ನೆತ್ತರು ಕುಡಿವೆ ತಾಯೇ" ಅಂತ ಸೇರಿಸಿ ಅಣ್ಣನ ಹೆಸ್ರಲ್ಲೇ ಓದ್ದ. ಥೂ! ಅದನ್ನೇ ಅಣ್ಣನ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿಸ್ತಾರಂತೆ.

ಮೈಕ್ ಕಸ್ಕೊಂಡು ಯಾಕ್ರಿ ಹಿಂಗ್ ಮಾಡಿದ್ರಿ ಅಂದ್ರೆ, "ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟ ನಿಮ್ಮಣ್ಣಂಗೆ ಕಾವ್ಯ ಏನ್ ಗೊತ್ತಲೇ?" ಅಂದ. "ಗಡಿಗೆ ಹೋದೋನು ನಮ್ಮಣ್ಣ ಕಣ್ರಿ, ನೀವಲ್ಲ" ಅಂದೆ.

ನನ್ ಸಿಟ್ಟು ಅವನ ಮ್ಯಾಲಲ್ಲವ್ವ. ಅಣ್ಣ ಫೋನ್ ಮಾಡ್ದಾಗೆಲ್ಲ ರೊಟ್ಟಿ ಬಡೀತಾ, "ಇನ್ನೊಂದ್ಸಲ ಹೇಳಪ್ಪ" ಅಂತ ಆ ಪದ ಹೇಳಿಸ್ಕೊಂಡೋಳು ನೀನೇ. ಇವತ್ತು ಅವ್ರು ಹಾಕಿದ ಶಾಲು ಹೊದ್ದು, ಆ ನೆತ್ತರಿನ ಪದಕ್ಕೂ ಚಪ್ಪಾಳೆ ಹೊಡ್ದೆ.

ಈಗ ಅವ್ವ ಒಳಗಿಂದ ಕರೀತಾಳೆ, ರೊಟ್ಟಿ ಬಿಸಿ ಐತೆ ಬಾರೋ ಅಂತ. ನಂಗ್ ಬ್ಯಾಡ. ಹೊಂಟೆ. ಬಾಗ್ಲು ದಡಾರ್ ಅಂತ ಹಾಕ್ತೀನಿ, ಕೇಳ್ಲಿ.