ಬಾಲ್‌ಬೆಕ್‌ನ ಕಂಬಗಳು

ಗಾಲ್ವೇ, ಐರ್ಲೆಂಡ್

ಅತ್ತಿಗೆ, ನಮಸ್ಕಾರ. ಮಗಳ ಮನೆಯಲ್ಲಿ ಎಲ್ಲರೂ ಆರಾಮ.

ಪಕ್ಕದ ಮನೆಯ ಸಮೀರಾ ಲೆಬನಾನ್‌ ದೇಶದವರು, ಮಗಳ ಆಸ್ಪತ್ರೆಯಲ್ಲೇ ನರ್ಸ್. ಅವರ ಊರು ಬಾಲ್‌ಬೆಕ್‌ನಲ್ಲಿ ರೋಮನ್ನರು ಕಟ್ಟಿದ ದೊಡ್ಡ ದೇವಸ್ಥಾನ ಇದೆ. ಮೊದಲು ಅಲ್ಲಿ ಬಾಲ್ ಅನ್ನೋ ಹಳೇ ದೇವರಿತ್ತಂತೆ, ಆಮೇಲೆ ರೋಮನ್ನರ ಜುಪಿಟರ್ ಬಂದ, ಆಮೇಲೆ ಚರ್ಚ್ ಆಯ್ತು, ಕೋಟೆಯೂ ಆಯ್ತು. ಭೂಕಂಪಗಳಾದ ಮೇಲೆ ಜುಪಿಟರ್ ಗುಡಿಯಲ್ಲಿ ಆರೇ ಕಂಬ ನಿಂತಿವೆ.

ಮೊನ್ನೆ ಆ ಊರಿನ ಮೇಲೆ ಬಾಂಬ್ ಬಿತ್ತು. ಗುಡಿ ಹತ್ತಿರವೇ ಇರೋ ಸಮೀರಾ ಅವರ ಅಮ್ಮ ಫೋನ್ ತೆಗೀಲಿಲ್ಲ. ನಾನು ಬಿಸಿ ಅನ್ನ, ತಿಳಿಸಾರು ತಗೊಂಡು ಹೋಗಿ ಜೊತೆಗೆ ಕೂತೆ. ಅವರು ಒಂದು ತುತ್ತೂ ಮುಟ್ಟಲಿಲ್ಲ. ಮಧ್ಯಾಹ್ನ ಅಮ್ಮನೇ ನೆಂಟರ ಹಳ್ಳಿಯಿಂದ ಫೋನ್ ಮಾಡಿದರು. ಸಮೀರಾ ಅಳುತ್ತಾ ಏನೋ ಕೇಳಿದರು, ಆ ಕಡೆಯಿಂದ ಜೋರಾಗಿ ಬೈಗುಳ ಬಂತು.

"ಏನಂದ್ರು?" ಅಂದೆ.

"ಕಂಬ ಇದೆಯಾ ಅಂತ ಕೇಳಿದೆ. ಬದುಕಿರೋ ತಾಯಿನ ಬಿಟ್ಟು ಕಲ್ಲು ವಿಚಾರಿಸ್ತೀಯಾ ಅಂತಾರೆ!" ಅಂದವರು ನಕ್ಕೇಬಿಟ್ಟರು. ಕಂಬಗಳೂ ಇವೆಯಂತೆ. ಅಮ್ಮನ ಮನೆ ಉಳಿದಿಲ್ಲ.

ನನ್ನ ಬಿಪಿ ಸರಿ ಇದೆ, ಮಾತ್ರೆ ತಪ್ಪಿಸಿಲ್ಲ. ಕಾರ್ಡಿನಲ್ಲಿ ಜಾಗ ಮುಗೀತು. ಆ ಅಮ್ಮನ ಹೆಸರು ಜಮೀಲಾ. ಸಂಜೆ ದೀಪ ಹಚ್ಚುವಾಗ ಅವರ ಹೆಸರನ್ನೂ ಹೇಳಿ.

ನಿಮ್ಮ ಕಾತ್ಯಾಯಿನಿ