ನವ್ಯಾಳ ಭುಜಕ್ಕೆ ತಂದ ಬ್ಯಾಗ್

ನವ್ಯಾ,

"ಬ್ಯಾಗಿನ ವಿಷಯ ನಮ್ಮ ಅಣ್ಣನ ಹತ್ತಿರ ಕೇಳಬೇಡಿ ಮಾರಾಯ್ರೆ, ಅವನು ಒಂಬತ್ತನೇ ಕ್ಲಾಸಿನಲ್ಲೇ ಬ್ಯಾಗ್ ಬಿಸಾಡಿದವನು." ನಿನ್ನೆ ಜಗಲಿಯಲ್ಲಿ ನಿನ್ನ ಮಣಿಪಾಲದ ಫ್ರೆಂಡ್ಸ್ ಎದುರು ಹೀಗೆ ಹೇಳಿದೆಯಲ್ಲ, ಅವರು ನಕ್ಕದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿತು.

ನಿನ್ನ ಟ್ರೆಕ್ಕಿಗೆ ನಾನು ತಂದ ಬ್ಯಾಗ್ ದೊಡ್ಡದಾಯಿತು, ಒಪ್ಪಿದೆ. ಕುದುರೆಮುಖ ಹತ್ತಿ ಅದೇ ದಿನ ಇಳಿಯುವವರಿಗೆ ಅಷ್ಟು ಬೇಡ. ನಾನು ಮೀನಿನ ಬೋಟಿಗೆ ಹೋಗುವವನ ಲೆಕ್ಕ ಹಾಕಿದೆ. ನಮಗೆ ಒಮ್ಮೆ ಹೊರಟರೆ ವಾರದ ಸಾಮಾನು ಬೇಕು. ಆದರೆ ನಿನ್ನ ಆ ಚಂದದ ಸಣ್ಣ ಬ್ಯಾಗಿಗೆ ಸೊಂಟದ ಪಟ್ಟಿಯೇ ಇಲ್ಲ. ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಸ್ಕೂಟರಿನಿಂದ ಬಿದ್ದು ಮುರಿದ ಭುಜ ಅದು, ಮೂಳೆ ಕೂಡಿದ್ದು ಮೊನ್ನೆ ಮೊನ್ನೆ. ಅದನ್ನು ಫ್ರೆಂಡ್ಸಿಗೆ ಹೇಳಿದ್ದೀಯಾ? ಇಲ್ಲ. ನನ್ನ ಒಂಬತ್ತನೇ ಕ್ಲಾಸು ಮಾತ್ರ ಹೇಳಲಿಕ್ಕೆ ಉಂಟು.

ದೊಡ್ಡದನ್ನೇ ಹಾಕಿಕೊ. ಅರ್ಧ ಖಾಲಿ ಇರಲಿ. ಮೊದಲು ಸೊಂಟದ ಪಟ್ಟಿ ಬಿಗಿ, ಆಮೇಲೆ ಭುಜದ್ದು. ಒಳಗೆ ಕುಚ್ಚಲಕ್ಕಿಯ ಚೀಲ ಉಂಟು, ತೆಗೆದು ಡಬ್ಬಕ್ಕೆ ಸುರಿ. ಭುಜಕ್ಕೆ ಭಾರ ಬೀಳುವುದಿಲ್ಲ ಎಂಬ ಅಂಗಡಿಯವನ ಮಾತು ನಂಬದೆ, ಅಷ್ಟು ಅಕ್ಕಿ ಹೊತ್ತು ಮಲ್ಪೆಯ ಕಡಲ ಬದಿಯಲ್ಲಿ ನಡೆದು ನೋಡಿದ್ದೆ. ಬೋಟಿನವರೂ ನಕ್ಕರು. ನಗಲಿ, ಭುಜ ನೋಯಲಿಲ್ಲ.

ನೀನು ಸಣ್ಣದನ್ನು ಹೊತ್ತು ಹೊರಟೆ ಅಂತ ಅಮ್ಮ ಹೇಳಿದರೆ, ಮತ್ತೆ ನಿನ್ನ ಹತ್ತಿರ ನನಗೆ ಮಾತಿಲ್ಲ.

ಬೋಟು ಬಿಡುವ ಹೊತ್ತಾಯಿತು. ನೀನು ಬಚ್ಚಲಿನಿಂದ "ಅಣ್ಣಾ, ಸಿಟ್ಟಾ?" ಅಂತ ಕೇಳುತ್ತಿದ್ದೀ. ಇದು ಎರಡನೇ ಸಲ. ಈ ಚೀಟಿ ದೊಡ್ಡ ಬ್ಯಾಗಿನ ಮೇಲಿಟ್ಟು ಹೊರಟೆ.